ಬೈರಮ್ಮನ ಹೂಂ

ಕತೆಗೆ ಎರಡು ಬಾಯಿ ಬೇಕು. ಹೇಳುವುದಕ್ಕೊಂದು, ಹೂಂಗುಟ್ಟುವುದಕ್ಕೊಂದು. ಹೇಳುವವರು ಎಷ್ಟೇ ಗಟ್ಟಿಗರಾಗಿರಲಿ, ಎದುರಿಗೆ ಕೂತವರು ಮಾತುಮಾತಿಗೆ ‘ಹೂಂ’ ಅನ್ನದೆ ಹೋದರೆ ಕತೆಯೊಳಗಿನ ರಾಜ ಕುದುರೆ ಹತ್ತುವುದಿಲ್ಲ, ಒಲೆ ಮೇಲಿಟ್ಟ ಹಿಟ್ಟು ಬೇಯುವುದಿಲ್ಲ. ಆದ್ದರಿಂದ ನೀವೂ ಒಂದು ಹೂಂ ಅಂದುಬಿಡಿ. ಗವಿಪುರಂ ಗುಟ್ಟಹಳ್ಳಿಯ ಮೈಕ್‌ಸೆಟ್ ಆಂಜಿನಯ್ಯನ ಸಂಗತಿ ಶುರುವಾಗಲಿ.

ಬಸವನಗುಡಿಯಿಂದ ಚಾಮರಾಜಪೇಟೆಯವರೆಗೆ ಯಾರೇ ನಾಲ್ಕು ಜನರ ಮುಂದೆ ನಿಂತು ಮಾತಾಡಲಿ, ಹಾಡಲಿ, ಆ ದನಿ ಎಂದಾದರೊಂದು ದಿನ ಆಂಜಿನಯ್ಯನ ಬಾಕ್ಸಿನಿಂದ ಹೊರಬಿದ್ದೇ ಇರುತ್ತದೆ. ರಾಮನವಮಿಯ ಕಚೇರಿಗೆ ಅವನೇ, ಗಣೇಶನ ಪೆಂಡಾಲಿಗೆ ಅವನೇ, ಸೀಮಂತದ ಆರತಿ ಹಾಡಿಗೂ ಅವನೇ. ಹಾಡುವವರು ಕೆಮ್ಮುವುದಕ್ಕೆಂದು ಉಸಿರೆಳೆದುಕೊಳ್ಳುವಷ್ಟರಲ್ಲಿ ಅವನ ಬೆರಳು ವಾಲ್ಯೂಮಿನ ಮೇಲಿರುತ್ತದೆ. ಕೆಮ್ಮು ವೇದಿಕೆಯಲ್ಲೇ ಉಳಿದು ರಾಗ ಮಾತ್ರ ಬೀದಿಗೆ ಬರುತ್ತದೆ. “ಆಂಜಿನಯ್ಯ ಇದ್ರೆ ನಮಗೆ ಶೀತಾನೇ ಆಗಲ್ಲ” ಎಂದು ವಿದ್ವಾಂಸರು ತಮಾಷೆ ಮಾಡುತ್ತಾರೆ.

ಇಷ್ಟೊಂದು ಜನರ ದನಿ ಹೊತ್ತು ತಿರುಗಿದ ಈ ಮನುಷ್ಯನ ಹತ್ತಿರ ಇಲ್ಲದ ದನಿ ಒಂದೇ ಒಂದು. ಅವನ ಅವ್ವನದು.

ಆಂಜಿನಯ್ಯ ಹುಟ್ಟಿದ್ದು ರಾಮನಗರದ ಕಡೆಯ ಬಂಡೆಗುಡ್ಡಗಳ ನಡುವಿನ ಒಂದು ಇರುಳಿಗರ ದೊಡ್ಡಿಯಲ್ಲಿ, ಗುಡಿಸಲುಗಳ ಪುಟ್ಟ ಕೇರಿಯಲ್ಲಿ. ಇರುಳಿಗರು ಕಾಡಿನ ಜನ. ಜೇನು, ಗೆಡ್ಡೆ, ಬಿದಿರು ನಂಬಿ ಬದುಕಿದವರು, ಮನೆಯೊಳಗೆ ತಮ್ಮದೇ ಒಂದು ಮಾತು ಆಡುವವರು. ಅವನಿಗೆ ಐದು ತುಂಬುವುದರೊಳಗೆ ಅವ್ವ ಬೈರಮ್ಮ ಜ್ವರ ಬಂದು ತೀರಿಕೊಂಡಳು. ಸೋದರಮಾವ ಹೆಗಲ ಮೇಲೆ ಕೂರಿಸಿಕೊಂಡು ಬೆಂಗಳೂರಿಗೆ ಕರೆತಂದ. ಮಾವ ಕಲಾಸಿಪಾಳ್ಯದ ಮೈಕ್‌ಸೆಟ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಹುಡುಗ ಹಾರ್ನ್ ಸ್ಪೀಕರಿನ ಬಾಯೊಳಗೆ ತಲೆಯಿಟ್ಟು ಮಧ್ಯಾಹ್ನದ ನಿದ್ದೆ ಮಾಡುತ್ತ ಬೆಳೆದ. ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಎಲ್ಲ ಕಲೆಸಿದ ಮಾತು. ಹರಿದ ಜೇಬಿನಿಂದ ಗೋಲಿ ಒಂದೊಂದೇ ಜಾರಿದ ಹಾಗೆ ದೊಡ್ಡಿಯ ಮಾತು ಅವನ ಬಾಯಿಂದ ಜಾರಿಹೋಯಿತು. ಯಾವತ್ತು ಪೂರ್ತಿ ಖಾಲಿಯಾಯಿತೋ ಅವನಿಗೂ ತಿಳಿಯಲಿಲ್ಲ.

ಅವ್ವನ ಫೋಟೊ ಇಲ್ಲ. ಮುಖ ನೆನಪಿಲ್ಲ. ನೆನಪಿರುವುದು ಇಷ್ಟೇ: ಸಂಜೆಯ ಹೊತ್ತು ಅಜ್ಜಿ ನರಸಮ್ಮ ಕತೆ ಹೇಳುತ್ತಿದ್ದಳು, ಅವ್ವ ಹೂಂಗುಟ್ಟುತ್ತಿದ್ದಳು, ಇವನು ಅವ್ವನ ಮಡಿಲಲ್ಲಿ ಮುಖವಿಟ್ಟು ಮಲಗಿರುತ್ತಿದ್ದ. ಆ ಹೂಂ ಬಾಯಿಗೆ ಬರುವ ಮೊದಲು ಅವ್ವನ ಹೊಟ್ಟೆಯೊಳಗೆ ಗುಂಯ್ ಎನ್ನುತ್ತಿತ್ತು; ಅದು ಇವನ ಕೆನ್ನೆಗೆ ತಾಗುತ್ತಿತ್ತು. ಕೆನ್ನೆಗೆ ನೆನಪಿದೆ, ಕಿವಿಗಿಲ್ಲ. ದೊಡ್ಡ ಬಾಸ್ ಬಾಕ್ಸಿಗೆ ಒರಗಿ ನಿಂತಾಗಲೆಲ್ಲ ಅದು ಬಂದು ಹೋಗುತ್ತದೆ. ಯಾರ ಹತ್ತಿರವೂ ಹೇಳಿಕೊಂಡವನಲ್ಲ.

ಇನ್ನು ಶಂಕರಪುರಂನ ಮಾತು. ಅಲ್ಲಿನ ಒಂದು ಹಳೆಯ ಮನೆಯಲ್ಲಿ ಗ್ರಂಥಾಲಯವೊಂದಿದೆ. ಬಾಗಿಲ ಮುಂದೆ ಕಲ್ಲುಬೆಂಚು ಇರುವುದರಿಂದ ಎಲ್ಲರಿಗೂ ಅದು ಕಲ್ಲುಬೆಂಚಿನ ಲೈಬ್ರರಿ. ನಾಡಿನ ಬುಡಕಟ್ಟು ಜನರ ನುಡಿ, ಹಾಡು, ಕತೆ, ಮದ್ದಿನ ಗಿಡಗಳ ಹೆಸರು, ಹಬ್ಬಹರಿದಿನ ಎಲ್ಲದರ ಮೇಲಿನ ಪುಸ್ತಕ, ಫೋಟೊ, ಕ್ಯಾಸೆಟ್ಟುಗಳನ್ನು ಅಲ್ಲಿ ಕೂಡಿಟ್ಟಿದ್ದಾರೆ. ಸಂಶೋಧನೆ ಮಾಡುವವರು ಎಲ್ಲೆಲ್ಲಿಂದಲೋ ಬಂದು ದಿನಗಟ್ಟಲೆ ಕೂರುತ್ತಾರೆ. ಆಗೊಮ್ಮೆ ಈಗೊಮ್ಮೆ ಉಪನ್ಯಾಸವಿರುತ್ತದೆ, ಮೈಕು ಆಂಜಿನಯ್ಯನದೇ. ಆದರೆ ಒಳಗಿನ ಬೀರುಗಳಲ್ಲಿ ಏನಿದೆ ಎಂದು ಅವನು ಕೇಳಿದವನಲ್ಲ. ಮೈಕ್ ಹಾಕುವವನಿಗೆ ಎಲ್ಲ ಸಭೆಯೂ ಒಂದೇ: ಮುಂದೆ ಖಾಲಿ ಕುರ್ಚಿ, ಹಿಂದೆ ತುಂಬಿದ ಕುರ್ಚಿ, ಕೊನೆಗೆ ವಂದನಾರ್ಪಣೆ.

ಹೋದ ಆಷಾಢದಲ್ಲಿ ಅಂಥದೊಂದು ಸಭೆ. ಅಲ್ಲಿ ಧ್ವನಿ ವಿಭಾಗ ನೋಡಿಕೊಳ್ಳುವ ನಂದಿತಾ ಮಾತಾಡುತ್ತಿದ್ದಳು. ಮೂವತ್ತರ ಹೆಣ್ಣುಮಗಳು, ಕೆಲಸವೆಂದರೆ ಊಟ ಮರೆಯುವವಳು. “ಹಳೇ ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರ್‌ಗೆ ಹಾಕಿ, ಶುದ್ಧಮಾಡಿ ಇಡ್ತಿದೀವಿ. ಒಂದು ಸ್ಯಾಂಪಲ್ ಕೇಳಿಸ್ತೀನಿ” ಎಂದು ಒಂದು ಗುಂಡಿ ಒತ್ತಿದಳು.

ಆಂಜಿನಯ್ಯನ ಬಾಕ್ಸಿನಿಂದ ಒಂದು ಮುದುಕಿಯ ದನಿ ಬಂತು. ಟ್ರೆಬಲ್ ತಿರುಗಿಸುತ್ತಿದ್ದ ಅವನ ಕೈ ಹಾಗೇ ನಿಂತುಬಿಟ್ಟಿತು. ಒಂದು ಮಾತೂ ಅರ್ಥವಾಗಲಿಲ್ಲ. ಆದರೆ ಯಾವ ಮಾತು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದು ಮೈಗೆ ಮೊದಲೇ ಗೊತ್ತಿತ್ತು.

“ಹೇಳಿದವರು ನರಸಮ್ಮ ಅಂತ. ರಾಮನಗರದ ಹತ್ತಿರದ ಇರುಳಿಗರು. ನಲವತ್ತು ವರ್ಷದ ಹಿಂದಿನದು” ಎಂದಳು ನಂದಿತಾ.

ಮೈಕು ಕುಂಯ್ ಎಂದು ಕೂಗಿಕೊಂಡಿತು. ಎಲ್ಲರೂ ಕಿವಿ ಮುಚ್ಚಿಕೊಂಡು ಹಿಂತಿರುಗಿ ನೋಡಿದರು. ಆಂಜಿನಯ್ಯನ ಕೈಯಲ್ಲಿ ಮೈಕು ಕೂಗಿದ್ದನ್ನು ಶಂಕರಪುರಂ ಕೇಳಿದ್ದು ಅದೇ ಮೊದಲು.

ಸಭೆ ಮುಗಿದು, ಕಾಫಿ ಮುಗಿದು, ವೈರು ಸುತ್ತುತ್ತ ಸುತ್ತುತ್ತ ಅವನು ನಂದಿತಾಳ ಹತ್ತಿರ ಬಂದ.

“ಮೇಡಂ, ಆ ನರಸಮ್ಮ ನಮ್ಮಜ್ಜಿ.”

“ಯಾವ ನರಸಮ್ಮ?”

“ಈಗ ಮಾತಾಡಿದ್ರಲ್ಲ, ನನ್ ಬಾಕ್ಸ್‌ನಲ್ಲಿ. ನಮ್ ದೊಡ್ಡೀದೇ. ನಮ್ಮವ್ವನ ತಾಯಿ.”

ನಂದಿತಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಈ ಕ್ಯಾಸೆಟ್ಟುಗಳ ಜನರನ್ನು ಹುಡುಕಿಕೊಂಡು ಅವಳು ಬಸ್ಸು ಹತ್ತಿ ಹೋಗಿ ಬಂದಿದ್ದಳು. ಆ ದೊಡ್ಡಿ ಇದ್ದ ಜಾಗದಲ್ಲಿ ಯಾರೂ ಇರಲಿಲ್ಲ. ಈಗ ನೋಡಿದರೆ ಮೊಮ್ಮಗ ಇಷ್ಟು ವರ್ಷದಿಂದ ಇದೇ ಸಭಾಂಗಣದಲ್ಲಿ ವೈರು ಎಳೆಯುತ್ತಿದ್ದಾನೆ.

“ಪೂರ್ತಿ ಕತೆ ಒಂದ್ಸಲ ಕೇಳ್ಬೋದಾ?” ಎಂದ ಆಂಜಿನಯ್ಯ.

“ನಾಳೇನೇ ಬನ್ನಿ. ಬರ್ಲೇಬೇಕು.”

ಮರುದಿನ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತಿದ್ದುದನ್ನು ನೋಡಿ ಮಗಳು ಬಿಂದುಶ್ರೀಗೆ ನಗು. ಅವಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ.

“ಏನಪ್ಪಾ, ಲೈಬ್ರರಿಗಾ? ನೀನಾ? ಅಲ್ಲಿ ಮಾತಾಡೋ ಹಾಗಿಲ್ಲ, ಗೊತ್ತಲ್ವಾ? ಹಲೋ ಮೈಕ್ ಟೆಸ್ಟಿಂಗ್ ಅಂದ್ರೆ ಹೊರಗ್ ಹಾಕ್ತಾರೆ.”

“ನಿಮ್ಮಜ್ಜಿ ದನಿ ಸಿಗುತ್ತೇನೋ ನೋಡಕ್ ಹೋಗ್ತಿದೀನಿ ಕಣೇ.”

ಬಿಂದುಶ್ರೀಯ ನಗು ನಿಂತಿತು. ಹತ್ತಿರ ಬಂದು ಅಪ್ಪನ ಕಾಲರು ಸರಿಮಾಡಿದಳು.

ನಂದಿತಾ ಅವನನ್ನು ಕಿಟಕಿಯ ಪಕ್ಕ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕತೆಯ ಕನ್ನಡ ಅನುವಾದದ ಹಾಳೆಗಳನ್ನು ಕೈಗಿತ್ತಳು. ಅಜ್ಜಿ ಶುರುಮಾಡಿದಳು. ಅಕ್ಕ ತಮ್ಮ ಇಬ್ಬರು ಇದ್ದರಂತೆ. ತಮ್ಮ ಜೇನು ಕೊಯ್ಯಲು ಬಂಡೆಯಿಂದ ಕೆಳಗಿಳಿದನಂತೆ. ಅಕ್ಕ ಮೇಲೆ ಕೂತು ಬಿದಿರ ಹಗ್ಗ ಹಿಡಿದಳಂತೆ. ನಡುವೆ ಹೊಗೆಯೋ ಹೊಗೆ. ಅವಳಿಗೆ ಅವನು ಕಾಣ, ಅವನಿಗೆ ಅವಳು ಕಾಣಳು. ಅದಕ್ಕೆ ತಮ್ಮ ಕೆಳಗಿನಿಂದ ಕೂಗುವನಂತೆ, ‘ಅಕ್ಕಾ, ಇದ್ದೀಯಾ?’ ಅಕ್ಕ ಮೇಲಿನಿಂದ ‘ಹೂಂ’ ಎನ್ನುವಳಂತೆ. ಹೂಂ ಬಂದರೆ ಹಗ್ಗ ಅಕ್ಕನ ಕೈಯಲ್ಲಿದೆ ಎಂದು ಅರ್ಥ. ಆಗ ಅವನು ಇನ್ನೊಂದು ಮೊಳ ಇಳಿಯುವನಂತೆ.

ಆಂಜಿನಯ್ಯ ಕಾದ. ಅಜ್ಜಿಯ ದನಿ, ಅಜ್ಜಿಯ ದನಿ, ಮತ್ತೆ ಅಜ್ಜಿಯ ದನಿ. ಕತೆ ಮುಗಿಯಿತು. ಅವ್ವ ಎಲ್ಲೂ ಇಲ್ಲ.

ರೆಕಾರ್ಡು ಮಾಡಿದ ಆ ಸಂಜೆ ಅವ್ವ ಎಲ್ಲಿಗಾದರೂ ಹೋಗಿದ್ದಳೇನೋ ಎಂದು ಮೊದಲು ಸಮಾಧಾನ ಮಾಡಿಕೊಂಡ. ಎದ್ದು ಹೊರಡಬೇಕು, ಅಷ್ಟರಲ್ಲಿ ಅವನಿಗೆ ಇನ್ನೊಂದು ಹೊಳೆಯಿತು. ಅಜ್ಜಿ ಕತೆ ಹೇಳುತ್ತಿಲ್ಲ, ಓಡುತ್ತಿದ್ದಾಳೆ. ನಡುವೆ ಉಸಿರಿಗೆ ಜಾಗವಿಲ್ಲ. ಹೂಂ ಇಲ್ಲದೆ ಅಜ್ಜಿ ಒಂದು ಹೆಜ್ಜೆ ಮುಂದೆ ಹೋಗುವವಳಲ್ಲ.

“ಮೇಡಂ, ಅಜ್ಜಿ ಪಕ್ಕದಲ್ಲಿ ಯಾರಾದ್ರೂ ಹೂಂ ಅಂತಿದ್ರಾ ಇದ್ರಲ್ಲಿ?”

ನಂದಿತಾ ಕುರ್ಚಿ ಎಳೆದುಕೊಂಡು ಅವನ ಎದುರು ಕೂತಳು.

“ಇದ್ರು,” ಎಂದಳು. “ಇನ್ನೊಂದು ಹೆಣ್ಣು ದನಿ. ಇರುಳಿಗರ ಮಾತಿಗೆ ನಿಘಂಟು ಮಾಡೋರು ಹೇಳೋರ ಮಾತು ಮಾತ್ರ ಕೊಡಿ ಅಂದಿದ್ರು. ಮಧ್ಯೆ ಹೂಂ ಬಂದ್ರೆ ಕಂಪ್ಯೂಟರ್‌ಗೆ ಪದ ಬಿಡಿಸೋದು ಕಷ್ಟ ಆಗ್ತಿತ್ತು. ನಾನೇ ಕೂತು ಒಂದೊಂದೇ ತೆಗೆದೆ. ನಾಯಿ ಬೊಗಳಿದ್ದು, ಪಾತ್ರೆ ಸದ್ದು, ಹೂಂ ಎಲ್ಲಾ.” ನಡುವೆ ತಡೆದು, “ಅದು ನಿಮ್ಮ ತಾಯಿನಾ?” ಎಂದಳು.

ಆಂಜಿನಯ್ಯ ಹೆಡ್‌ಫೋನಿನ ವೈರನ್ನು ನೀಟಾಗಿ ಸುತ್ತಿ ಮೇಜಿನ ಮೇಲಿಟ್ಟ.

“ಚೆನ್ನಾಗಿ ತೆಗ್ದಿದೀರ ಮೇಡಂ. ಜಾಯಿಂಟ್ ಗೊತ್ತೇ ಆಗಲ್ಲ.”

ಕೊಂಕು ಮಾತಲ್ಲ ಅದು. ಕೆಲಸಗಾರ ಕೆಲಸಗಾರಳಿಗೆ ಹೇಳಿದ್ದು. ಅವಳ ಕಣ್ಣು ತುಂಬಿದ್ದನ್ನು ನೋಡಿ ಅವನಿಗೇ ಕಸಿವಿಸಿಯಾಯಿತು. “ನೀವ್ ಅಳ್ಬೇಡಿ. ನಾನೂ ಜೀವಮಾನ ಪೂರ್ತಿ ಮಾಡಿದ್ದು ಅದೇ ಕೆಲ್ಸ. ಯಾರ್ ಕೆಮ್ಮು ಯಾರಿಗ್ ಬೇಕಿತ್ತೋ ಯಾರಿಗ್ ಗೊತ್ತು. ತೆಗೆಯೋಕ್ ಮುಂಚೆ ಇದ್ದಿದ್ದು ಇನ್ನೊಂದ್ ಕಾಪಿ ಇಲ್ವಾ?”

ಇರಲಿಲ್ಲ. ಕಂಪ್ಯೂಟರಿನಲ್ಲಿ ಜಾಗ ಸಾಲದೆ ಅದನ್ನು ಅಳಿಸಿದ್ದರು. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ಕೆಲಸ ಆದಮೇಲೆ ಎಲ್ಲ ಕ್ಯಾಸೆಟ್ಟನ್ನೂ ಗುಜರಿಗೆ ಹಾಕಿಬಿಡಿ ಎಂದು ಸಮಿತಿಯವರು ಹೇಳಿದ್ದರು. “ಗುಜರಿಯವನನ್ನ ಕರೆಸಿದ್ದು ನಮ್ಮ ಲಕ್ಷ್ಮೀಶ ಸರ್” ಎಂದಳು ನಂದಿತಾ.

ಲಕ್ಷ್ಮೀಶ ಅಲ್ಲಿನ ಹಳೆಯ ಗ್ರಂಥಪಾಲಕರು. ನಿವೃತ್ತರಾದ ಮೇಲೂ ದಿನಾ ಬೆಳಿಗ್ಗೆ ಬಂದು ಕಲ್ಲುಬೆಂಚಿನ ಮೇಲೆ ಪೇಪರು ಓದಿ ಹೋಗುವವರು. ಇಬ್ಬರೂ ಎದುರಿಗೆ ಬಂದು ನಿಂತಾಗ ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

“ಸರ್, ಆ ಬೂಷ್ಟು ಹಿಡಿದ ಕ್ಯಾಸೆಟ್‌ಗಳು ಗುಜರಿಗೆ ಹೋದ್ವಲ್ವಾ?”

“ಹಾಕಿ ಅಂತ ಹೇಳಿದ್ದು ನಿಜ. ಗುಜರಿಯವನು ಬಂದಿದ್ದೂ ನಿಜ.”

“ಹಾಗಾದ್ರೆ ಹೋದ್ವು.”

“ನಾನು ಕೊಟ್ಟೆ ಅಂತ ಯಾರಮ್ಮಾ ಅಂದಿದ್ದು?” ಪೇಪರು ಕೆಳಗಿಳಿಯಿತು. “ಪ್ರತಿ ಆಯುಧಪೂಜೆಗೂ ಟೇಪ್‌ರೆಕಾರ್ಡರ್ ತೊಳೆದು ಒರೆಸಿ, ಪಕ್ಕದಲ್ಲಿ ಕ್ಯಾಸೆಟ್ ಜೋಡಿಸಿ, ಒಂದೊಂದಕ್ಕೂ ಕುಂಕುಮ ಇಟ್ಟೋನು ನಾನು. ಕುಂಕುಮ ಇಟ್ಟಿದ್ದನ್ನ ತಕ್ಕಡಿಗೆ ಹಾಕೋಕೆ ಕೈ ಬರ್ಲಿಲ್ಲ. ಎರಡು ಮುರಿದ ಕುರ್ಚಿ ಕೊಟ್ಟು ಕಳಿಸ್ದೆ. ಅವನೂ ಖುಷಿಯಾಗಿ ಹೋದ.”

“ಸರ್, ನೀವು ಹೇಳ್ಲೇ ಇಲ್ಲ.”

“ನೀನು ಕೇಳ್ಲೇ ಇಲ್ಲಮ್ಮಾ. ಅಟ್ಟದ ಮೇಲೆ ಕಬ್ಬಿಣದ ಟ್ರಂಕಿದೆ. ಏಣಿ ಹುಷಾರು, ಮೂರನೇ ಮೆಟ್ಲು ಅಲ್ಲಾಡುತ್ತೆ.”

ಟ್ರಂಕಿನಿಂದ ಆ ಕ್ಯಾಸೆಟ್ಟು ಸಿಕ್ಕಿತು. ನರಸಮ್ಮ ಎಂದು ಮೇಲೆ ಬರೆದಿತ್ತು. ಆ ಹೆಸರಿನ ಪಕ್ಕದಲ್ಲೇ ಒಣಗಿದ ಕುಂಕುಮದ ಚುಕ್ಕೆ. ಆಂಜಿನಯ್ಯ ಬೆಳಕಿಗೆ ಹಿಡಿದು ನೋಡಿದ. ಟೇಪಿನ ಅಂಚಿಗೆ ಬಿಳಿ ಬೂಷ್ಟು, ಒಂದು ಕಡೆ ಸುರುಳಿಗೆ ಸುರುಳಿ ಅಂಟಿಕೊಂಡಿದೆ.

“ಓಡುತ್ತಾ?” ಎಂದರು ಲಕ್ಷ್ಮೀಶ.

“ಓಡಿದ್ರೆ ಒಂದ್ಸಲ ಓಡಬಹುದು ಸಾರ್. ಎರಡನೇ ಸಲಕ್ಕೆ ಇದು ಇರಲ್ಲ.”

ದೇವಸ್ಥಾನಗಳಲ್ಲಿ ಸುಪ್ರಭಾತಕ್ಕೆ ಕ್ಯಾಸೆಟ್ಟು ಹಾಕುತ್ತಿದ್ದ ಕಾಲದ ಒಂದು ಡೆಕ್ಕು ಆಂಜಿನಯ್ಯನ ಅಂಗಡಿಯ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಅದರ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದ. ಟೇಪನ್ನು ಹಳೆಯ ಕವಚದಿಂದ ಬಿಡಿಸಿ ಹೊಸದಕ್ಕೆ ಕೂರಿಸಿದ. ಪೆನ್ಸಿಲು ತೂರಿಸಿ ಸುತ್ತುತ್ತ, ಅಂಟಿಕೊಂಡಲ್ಲೆಲ್ಲ ಉಸಿರು ಬಿಗಿಹಿಡಿದು, ಬಾಣಂತಿಯ ತಲೆಯ ಸಿಕ್ಕು ಬಿಡಿಸಿದಷ್ಟು ಮೆಲ್ಲಗೆ ಬಿಡಿಸಿದ. ಮಗಳು ಪಕ್ಕದಲ್ಲಿ ಕೂತು ಬೂಷ್ಟು ಒರೆಸಿದಳು. ಒರೆಸಿದ ಹತ್ತಿಯನ್ನು ಎಸೆಯಲು ಅವಳಿಗೂ ಮನಸ್ಸಾಗಲಿಲ್ಲ.

ಭಾನುವಾರ ಬೆಳಿಗ್ಗೆ ಲೈಬ್ರರಿಗೆ ರಜೆ. ಆಂಜಿನಯ್ಯ ಮಗಳ ಜೊತೆ ಬಂದು ಡೆಕ್ಕು ಇಟ್ಟ. ಹೆಡ್‌ಫೋನ್ ಬೇಡ ಎಂದು ತನ್ನ ಬಾಸ್ ಬಾಕ್ಸನ್ನೂ ಹೊತ್ತು ತಂದಿದ್ದ. ನಂದಿತಾ ಡೆಕ್ಕಿನಿಂದ ಕಂಪ್ಯೂಟರಿಗೆ ವೈರು ಸೇರಿಸಿ, ಟೇಪು ಓಡುವಾಗಲೇ ದನಿ ಅಲ್ಲಿಗೂ ಇಳಿಯುವಂತೆ ಮಾಡಿದಳು. “ಈ ಸಲ ನಾನು ಏನೂ ಮುಟ್ಟಲ್ಲ” ಎಂದು ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡಳು. ಲಕ್ಷ್ಮೀಶ ಪೇಪರು ತಂದಿರಲಿಲ್ಲ.

ಆಂಜಿನಯ್ಯ ಗುಂಡಿ ಒತ್ತಿದ.

ಮೊದಲು ಸುಯ್ಯೆನ್ನುವ ಸದ್ದು. ಒಂದು ನಾಯಿ. ಯಾವುದೋ ಪಾತ್ರೆಗೆ ಸೌಟು ತಾಗಿದ್ದು. ಆಮೇಲೆ ಅಜ್ಜಿ: ಅಕ್ಕ ತಮ್ಮ ಇಬ್ಬರು ಇದ್ದರಂತೆ.

“ಹೂಂ.”

ದಪ್ಪ ದನಿ. ಇಷ್ಟು ವರ್ಷ ಅವನು ಅವ್ವನಿಗೆ ಮನಸ್ಸಿನಲ್ಲಿ ಒಂದು ತೆಳ್ಳನೆಯ, ಸಿನಿಮಾ ತಾಯಂದಿರ ದನಿ ಕೊಟ್ಟಿದ್ದ. ಇದು ಹಾಗಿಲ್ಲ. ಬಂಡೆಯ ಮೇಲೆ ನಡೆದು, ಬಿದಿರು ಹೊತ್ತು ಬಂದ ಹೆಂಗಸಿನ ದನಿ. ಅವನು ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತ. ಬಾಕ್ಸಿಗೆ ಕೆನ್ನೆ ಆನಿಸಿದ.

“ಹೂಂ,” ಎಂದಿತು ಬಾಕ್ಸು. ಗುಂಯ್ ಎಂದು ಕೆನ್ನೆಗೆ ಬಂತು.

ಯಾರೂ ಅವನ ಕಡೆ ನೋಡಲಿಲ್ಲ. ಬಿಂದುಶ್ರೀ ಕಿಟಕಿಯ ಕಡೆ ತಿರುಗಿದಳು.

ಅಜ್ಜಿ ಈಗ ಓಡುತ್ತಿರಲಿಲ್ಲ. ಒಂದು ಮಾತು ಹೇಳುವಳು, ನಿಲ್ಲುವಳು, ಹೂಂ ಬಂದಮೇಲೆ ಇನ್ನೊಂದು ಹೇಳುವಳು. ಬೆರಗಾದರೆ ಅವ್ವನದು ಏರುವ ಹೂಂ. ಹೆದರಿದರೆ ಉಸಿರಿನ ಹೂಂ. ಅಜ್ಜಿ ಉಪ್ಪುಖಾರ ಹೆಚ್ಚು ಹಾಕಿದಾಗ ಮೂಗಿನಲ್ಲೇ ಒಂದು ಹುಸಿ ಹೂಂ. ತಮ್ಮ ಬಂಡೆಯಿಂದ ಇಳಿಯುವ ಹೊತ್ತಿಗೆ ಟೇಪು ಕಿರ್ ಎಂದು ಎಳೆಯಿತು. ಅಜ್ಜಿಯ ದನಿ ಗಂಡಸಿನ ದನಿಯಾಗಿ ಇಳಿಯಿತು. ಆಂಜಿನಯ್ಯ ಒಂದೇ ನೆಗೆತಕ್ಕೆ ಎದ್ದು ಡೆಕ್ಕಿನ ಮೇಲೆ ಬಾಗಿ, ತೋರುಬೆರಳಿನ ತುದಿಯಿಂದ ಗಾಲಿಯನ್ನು ಚೂರೇ ಚೂರು ತಳ್ಳಿದ. ತಡೆಯಿತು, ತಡೆಯಿತು, ಬಿಟ್ಟುಕೊಂಡಿತು. ಅಜ್ಜಿ ಮತ್ತೆ ಅಜ್ಜಿಯಾದಳು. ಅವನು ಬೆರಳನ್ನು ಅಲ್ಲೇ ಇಟ್ಟುಕೊಂಡು ನಿಂತ.

ಹೊತ್ತು ಹೋದ ಹಾಗೆ ಅವ್ವನ ಹೂಂ ಬಿಡುವು ಬಿಡುವಾಯಿತು. ಹಗಲೆಲ್ಲ ದುಡಿದ ಜೀವ. ಒಂದು ಹೂಂ ಅರ್ಧಕ್ಕೇ ನಿಂತು ಆಕಳಿಕೆಯಾಯಿತು. ತಮ್ಮ ಹೊಗೆಯೊಳಗಿಂದ ಕೂಗಿದನಂತೆ, ಅಕ್ಕಾ, ಇದ್ದೀಯಾ? ಅಜ್ಜಿ ಕಾದಳು.

ಹೂಂ ಬರಲಿಲ್ಲ.

ಟೇಪು ಸುಯ್ಯೆನ್ನುತ್ತಿತ್ತು. ಅಜ್ಜಿ ಕತೆ ಬಿಟ್ಟು ಬೇರೆ ಏನೋ ಅಂದಳು. ನಂದಿತಾ ಇದನ್ನು ಕತ್ತರಿಸಿದ್ದಳು, ಆದ್ದರಿಂದ ಹಾಳೆಯಲ್ಲಿ ಇದಕ್ಕೆ ಕನ್ನಡವಿರಲಿಲ್ಲ. ಆಂಜಿನಯ್ಯನಿಗೆ ಬೇಕಾಗಲೂ ಇಲ್ಲ. ಎಲ್ಲಿತ್ತೋ ಆ ಮಾತು, ನೀರಿನೊಳಗಿನ ಗುಳ್ಳೆಯ ಹಾಗೆ ಎದ್ದು ಬಂತು: ಬೈರೀ, ನೀನು ನಿದ್ದೆ ಹೋದರೆ ಆ ಹುಡುಗ ಬಂಡೆಯ ಮೇಲೆ ನೇತಾಡುತ್ತಲೇ ಇರುತ್ತಾನೆ. ಇಲ್ಲಿ ಹೂಂ ಅನ್ನುವವರು ಯಾರೂ ಇಲ್ಲವಾ?

“ಹೂಂ,” ಎಂದ ಆಂಜಿನಯ್ಯ.

ಬಾಯಿಗೆ ತಾನಾಗಿ ಬಂದದ್ದು. ಬಂದದ್ದಕ್ಕೆ ನಾಚಿಕೊಳ್ಳುವಷ್ಟರಲ್ಲಿ ಬಾಕ್ಸಿನೊಳಗಿಂದ ಇ‌ನ್ನೊಂದು ಹೂಂ ಕೇಳಿಸಿತು. ಅವ್ವನದಲ್ಲ, ಅಜ್ಜಿಯದಲ್ಲ. ಮೂಗು ಕಟ್ಟಿದ ಒಂದು ಪುಟ್ಟ ಮಗುವಿನದು. ಅಜ್ಜಿ ಜೋರಾಗಿ ನಕ್ಕಳು. ನೋಡು ಬೈರೀ, ನಿನ್ನ ಮಗ ಹಗ್ಗ ಹಿಡಿದುಕೊಂಡ. ಅವ್ವ ಎಚ್ಚರವಾಗಿ ನಕ್ಕಳು. ನಗುತ್ತ ನಗುತ್ತ ಮಗುವಿಗೆ ಮುತ್ತಿಟ್ಟ ಸದ್ದು ಪಟ್ಟೆಂದು ಮೈಕಿಗೇ ಬಿತ್ತು. ಆಮೇಲೆ ಹಿಂದಿನದೇ ದಪ್ಪ ದನಿಯಲ್ಲಿ, ಗಟ್ಟಿಯಾಗಿ, “ಹೂಂ.”

ತಮ್ಮ ಇನ್ನೊಂದು ಮೊಳ ಇಳಿದ. ಕತೆ ಮುಂದೆ ಹೋಯಿತು.

ಟೇಪು ಮುಗಿದು ಡೆಕ್ಕು ಟಕ್ ಎಂದು ನಿಂತಾಗ ಲಕ್ಷ್ಮೀಶರು ಮೂಗೊರೆಸಿಕೊಂಡು, “ಈ ವರ್ಷದ ಆಯುಧಪೂಜೆಗೆ ನೀನೇ ಬಂದು ಕುಂಕುಮ ಇಡಪ್ಪಾ. ನನ್ನ ಕೈ ಅಟ್ಟದವರೆಗೂ ಹೋಗಲ್ಲ” ಎಂದರು. ನಂದಿತಾ ಮೂರು ಕಡೆ ಪ್ರತಿ ಮಾಡಿಟ್ಟಳು. ಉಳಿದ ಕ್ಯಾಸೆಟ್ಟುಗಳನ್ನೂ ಟ್ರಂಕಿನಿಂದ ಇಳಿಸಬೇಕು, ಅವುಗಳಲ್ಲೂ ಹೂಂಗುಟ್ಟಿದವರು ಇರುತ್ತಾರೆ ಎಂದಳು. ನಿಘಂಟಿನವರಿಗೆ ಅವರ ಪ್ರತಿ ಇರಲಿ, ಇದು ಬೇರೆ ಇರಲಿ. ಕತೆ ಹೇಳಿದವರ ಹೆಸರಿನ ಕೆಳಗೆ ಅವಳು ಅಂದೇ ಒಂದು ಸಾಲು ಸೇರಿಸಿದಳು: ಹೂಂಗುಟ್ಟಿದವರು, ಬೈರಮ್ಮ. ಸ್ವಲ್ಪ ಯೋಚಿಸಿ, ಮಗನ ಹೆಸರೂ ಹಾಕಿದಳು.

“ಕ್ಷಮಿಸಿ ಅಂತ ಹೇಗ್ ಕೇಳ್ಲಿ ಆಂಜಿನಯ್ಯನವ್ರೇ?” ಎಂದಳು.

“ಏನ್ ಮೇಡಂ ನೀವು. ಅವತ್ತು ಸಭೇಲಿ ಅಜ್ಜಿನ ಮಾತಾಡಿಸ್ದೇ ಇದ್ದಿದ್ರೆ ಅವ್ವ ಅಟ್ಟದ್ ಮೇಲ್ ಇದಾಳೆ ಅಂತ ನನಗ್ ಯಾರ್ ಹೇಳ್ತಿದ್ರು? ಯಾರೋ ಪುಣ್ಯಾತ್ಮರು ಆ ಗುಡ್ಡ ಹತ್ತಿ ಬಂದು ಬಟನ್ ಒತ್ತಿದ್ರು. ಈ ಸಾರ್ ಕುರ್ಚಿ ಕೊಟ್ಟು ಉಳಿಸಿದ್ರು. ನೀವ್ ಕೇಳಿಸಿದ್ರಿ. ನಮ್ಮಂಥೋರ್ ಮನೆ ದನಿ ಇಷ್ಟ್ ಜನ ಕಾದಿಟ್ಕೊಂಡಿದೀರ.” ಬಗ್ಗಿ ವೈರು ಸುತ್ತಲು ಶುರುಮಾಡಿದ.

ಈಗ ಆಂಜಿನಯ್ಯನ ಮೈಕಿನಲ್ಲಿ ಕೆಮ್ಮು ಸ್ವಲ್ಪ ಕೇಳಿಸುತ್ತದೆ. ಮುಂದಿನ ಸಾಲಿನ ಅಜ್ಜಿಯರ ‘ಭೇಷ್’, ತಾಯಿ ಮಡಿಲ ಮಗುವಿನ ರಚ್ಚೆ ರಾಗ, ಎಲ್ಲ ಒಂದಿಷ್ಟು ಬೀದಿಗೆ ಬರುತ್ತದೆ. “ಏನ್ ಆಂಜಿನಯ್ಯ, ಕೈ ನಿಧಾನ ಆಯ್ತಾ? ವಯಸ್ಸಾಯ್ತಾ?” ಎಂದು ಹಾಡುವವರು ಕೇಳುತ್ತಾರೆ.

ಅವನು ಹೂಂ ಎನ್ನುತ್ತಾನೆ.